ಹಿಂಚಕ್ರದ ಸದ್ದು, ಹಿಡಿಯದ ಬ್ರೇಕು

ಪ್ರಶ್ನೆ: ಚಿತ್ರದುರ್ಗದ ಸುತ್ತಲಿನ ಗಾಳಿಯಂತ್ರಗಳ ಗುಡ್ಡಗಳಿಗೆ ಕಚ್ಚಾ ರಸ್ತೆಯಲ್ಲಿ ಓಡುವ ನನ್ನ ಹಳೆಯ ಜೀಪಿನ ಹಿಂಭಾಗದಿಂದ, ವೇಗ ಹೆಚ್ಚಿದಂತೆಲ್ಲ ಗುಂಯ್‌ಗುಡುವ ಸದ್ದು ಬರುತ್ತಿದೆ. ಬಲ ಹಿಂಚಕ್ರದ ಬ್ರೇಕೂ ಸರಿಯಾಗಿ ಹಿಡಿಯುತ್ತಿಲ್ಲ. ದೋಷ, ಹಿಂಚಕ್ರಗಳಿಗೆ ಬಲ ಹಂಚುವ ಗಿಯರ್ ಜೋಡಣೆಯಾದ ಡಿಫರೆನ್ಷಿಯಲ್‌ನಲ್ಲಿದೆಯೇ?

ಉತ್ತರ: ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಸದ್ದು ಕೇಳಿದರೆ ಡಿಫರೆನ್ಷಿಯಲ್‌ನ ಹಲ್ಲುಚಕ್ರಗಳ ಜೋಡಿಯಾದ ಕ್ರೌನ್-ಪಿನಿಯನ್ ಮೇಲೆ ಅನುಮಾನ ಪಡಬೇಕು, ಹಾಗಾಗದೆ, ಎಡಕ್ಕೆ ತಿರುಗುವಾಗ ಭಾರ ಬಲಕ್ಕೆ ವಾಲಿ ಸದ್ದು ಜೋರಾದರೆ, ಬಲ ಚಕ್ರದ ಬೇರಿಂಗ್ ಸವೆದಿರುವ ಸಂಭವವೇ ಹೆಚ್ಚು. ನನಗೆ ಹೆಚ್ಚು ಕಳವಳ ಉಂಟುಮಾಡುವುದು ಬ್ರೇಕು, ಏಕೆಂದರೆ ಆಕ್ಸಲ್‌ನ ಆಯಿಲ್ ಸೀಲ್ (ಎಣ್ಣೆ ಹೊರಬರದಂತೆ ತಡೆಯುವ ಬಳೆ) ಸೋರಿ, ಬ್ರೇಕ್ ಡ್ರಮ್‌ಗೆ ಒತ್ತಿ ಚಕ್ರವನ್ನು ಹಿಡಿಯುವ ಲೈನರ್ ಎಣ್ಣೆಯಲ್ಲಿ ನೆನೆದಿರಬಹುದು. ರಿಪೇರಿಯಾಗುವವರೆಗೆ ದಯವಿಟ್ಟು ಜೀಪನ್ನು ಗುಡ್ಡಕ್ಕೆ ಒಯ್ಯಬೇಡಿ.

ಸಮತಟ್ಟಾದ ನೆಲದಲ್ಲಿ ಮುಂಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹಿಂಭಾಗವನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು ನ್ಯೂಟ್ರಲ್‌ನಲ್ಲಿ ಚಕ್ರವನ್ನು ಅಲುಗಿಸಿ, ತಿರುಗಿಸಿ ನೋಡಿ. ಸಡಿಲವೋ ಒರಟುತನವೋ ಕಂಡರೆ ಡ್ರಮ್ ಬಿಚ್ಚಿಸಿ. ಬೇರಿಂಗ್‌ನ ಒಳ-ಹೊರ ಬಳೆಗಳೆರಡನ್ನೂ ಸೀಲ್‌ನೊಂದಿಗೆ ಹೊಸದಾಗಿಯೇ ಹಾಕಿಸಿ. ಎಣ್ಣೆ ಕುಡಿದ ಲೈನರನ್ನು ತೊಳೆದು ಮತ್ತೆ ಬಳಸುವುದು ಸಲ್ಲದು. ಆಕ್ಸಲ್ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಮೇಲಿನ ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಹೋಗುವ ಕಿಂಡಿ, ಧೂಳಿನಿಂದ ಕಟ್ಟಿಕೊಂಡಿದ್ದರೆ, ಬಿಸಿಯಾದಾಗ ಒಳಗೆ ಏರುವ ಒತ್ತಡ ಹೊಸ ಸೀಲನ್ನೂ ಸೋರುವಂತೆ ಮಾಡುತ್ತದೆ. ಅದನ್ನೂ ಅದೇ ದಿನ ಶುಚಿಮಾಡಿಸಿ.