ಬುಲೆಟ್ ಟ್ರೇನಿಗೆ ಅಷ್ಟು ದುಡ್ಡು ಸುರಿಯಬೇಕಾ?

ನೀವು ಕೇಳಿದ್ದು ಇಷ್ಟು: ಲಕ್ಷ ಕೋಟಿ ಹಾಕಿ ಬುಲೆಟ್ ಟ್ರೇನ್ ಕಟ್ಟುವುದು ದಂಡ ಅಲ್ವಾ, ಅದೇ ದುಡ್ಡಲ್ಲಿ ಇರುವ ರೈಲನ್ನೇ ಸರಿ ಮಾಡಬಹುದಿತ್ತಲ್ವಾ ಅಂತ. ನನ್ನ ಉತ್ತರ, ಮುಂಬೈ–ಅಹಮದಾಬಾದಿಗೆ ದಂಡ ಅಲ್ಲ, ನಮ್ಮ ಕರಾವಳಿಗೆ ತಂದರೆ ದಂಡ. ನಾನು ಎಂಜಿನಿಯರ್ ಏನಲ್ಲ. ಕುಮಟಾದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ, ಪರಿಚಯದವರು ಬಂದು ರೈಲು ಟಿಕೆಟ್ ಸಿಗುತ್ತಾ ನೋಡು ಅಂತ ಪಕ್ಕದಲ್ಲಿ ಕೂರುತ್ತಾರೆ. ಹಾಗಾಗಿ ವೇಟಿಂಗ್ ಲಿಸ್ಟ್ ನೋಡಿ ನೋಡಿ ಬಂದ ಅಭಿಪ್ರಾಯ ಇದು.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಎರಡು ಮಳೆಗಾಲದ ಹಿಂದೆ ಆಯಿಯನ್ನು, ಅಂದರೆ ಅಮ್ಮನನ್ನು, ಕಣ್ಣಿನ ಡಾಕ್ಟರಿಗೆ ತೋರಿಸಲು ದಕ್ಷಿಣದ ಕಡೆ ಕರೆದುಕೊಂಡು ಹೊರಟಿದ್ದೆ. ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ, ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು, ಇಲ್ಲಾ ಗೋವಾ. ಪ್ಯಾಸೆಂಜರ್ ಗಾಡಿ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತಿತು. ನಿಂತೇ ಇತ್ತು. ಕ್ರಾಸಿಂಗ್. ಕಿಟಕಿಯ ಶಟರ್ ಇಳಿಸಿದರೂ ಮಳೆ ನೀರು ಸಂದಿಯಿಂದ ತೊಡೆ ಮೇಲೆ ಹನಿಯುತ್ತಿತ್ತು, ಎದುರು ಸೀಟಿನವರು ಚೀಲ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಕಾಲು ಗಂಟೆ ಆದ ಮೇಲೆ ಒಂದು ಎಕ್ಸ್‌ಪ್ರೆಸ್ ಧಡಧಡ ಅಂತ ಹೋಯಿತು. ಇನ್ನೇನು ಹೊರಟೆವು ಅಂದುಕೊಂಡರೆ ಸಿಗ್ನಲ್ ಇನ್ನೂ ಕೆಂಪು. ಆಮೇಲೆ ಬಂದಿದ್ದು ರೋ-ರೋ ಗಾಡಿ, ಅಂದರೆ ಲಾರಿಗಳನ್ನೇ ಸಾಲಾಗಿ ಮೇಲೆ ಹತ್ತಿಸಿಕೊಂಡು ಹೋಗುವ ಗೂಡ್ಸ್. ಒಂದು ಲಾರಿಯ ಕ್ಯಾಬಿನ್ನಿನಲ್ಲಿ ಡ್ರೈವರ್ ಡ್ಯಾಶ್‌ಬೋರ್ಡ್ ಮೇಲೆ ಎರಡೂ ಕಾಲು ಚಾಚಿ ಮಲಗಿದ್ದ, ಕನ್ನಡಿಗೆ ಕಟ್ಟಿದ ಹಗ್ಗದಲ್ಲಿ ಬನಿಯನ್ ಒಣಗುತ್ತಿತ್ತು. ಆಯಿ ಅದನ್ನೇ ನೋಡುತ್ತಾ, "ಲಾರಿಗೂ ನಾವೇ ದಾರಿ ಬಿಡಬೇಕೇನೋ ತಮಾ?" ಅಂದಳು.

ಇದರಲ್ಲಿ ಯಾರ ತಪ್ಪೂ ಇಲ್ಲ. ಇರುವುದು ಒಂದೇ ಹಳಿ. ಎದುರಿಂದ ಗಾಡಿ ಬಂದರೆ ಒಬ್ಬರು ಪಕ್ಕಕ್ಕೆ ಸರಿಯಲೇಬೇಕು, ಸರಿಯುವುದು ಯಾವತ್ತೂ ಪ್ಯಾಸೆಂಜರೇ. ಕೊಂಕಣ ರೈಲ್ವೆ ಮಾರ್ಗವನ್ನು ಕಟ್ಟಿದ್ದೇ ಗಂಟೆಗೆ 160 ಕಿ.ಮೀ. ಓಡಲಿ ಅಂತ. ಈಗಲೂ ಮಳೆಗಾಲ ಬಿಟ್ಟರೆ 120ರ ತನಕ ಓಡುತ್ತದೆ. ನಮ್ಮ ಗಾಡಿಗೆ ಓಡುವ ತಾಕತ್ತಿಗೇನೂ ಕೊರತೆ ಇಲ್ಲ, ಓಡಲು ಜಾಗ ಇರಲಿಲ್ಲ. ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನ ತನಕ ಸುಮಾರು 740 ಕಿ.ಮೀ. ದಾರಿಯಲ್ಲಿ ಡಬ್ಲಿಂಗ್, ಅಂದರೆ ಜೋಡಿ ಹಳಿ, ಆಗಿದ್ದು ಮಹಾರಾಷ್ಟ್ರದ ರೋಹಾ–ವೀರ್ ನಡುವಿನ 47 ಕಿ.ಮೀ.ನಷ್ಟು, ಅದೂ 2021ರಲ್ಲಿ.

ಬುಲೆಟ್ ಟ್ರೇನಿನ ಬಗ್ಗೆ ಮಾತಾಡುವವರು ಬಹುತೇಕ ಎಡವುವುದು ಇಲ್ಲೇ ಅಂತ ನನಗೆ ಅನಿಸುತ್ತದೆ. ಪರ ಇರುವವರೂ 320 ಕಿ.ಮೀ. ವೇಗ ಅಂತಾರೆ, ವಿರೋಧ ಇರುವವರೂ ಅಷ್ಟು ವೇಗ ಯಾಕೆ ಬೇಕು ಅಂತಾರೆ. ಜಪಾನಿನವರು ಮೊದಲು ಇದನ್ನು ಕಟ್ಟಿದ್ದಾದರೂ ಯಾಕೆ? ಟೋಕಿಯೋ–ಒಸಾಕಾ ನಡುವಿನ ಹಳೇ ಮಾರ್ಗ ತುಂಬಿ ತುಳುಕುತ್ತಿತ್ತು, ಇನ್ನೊಂದು ಗಾಡಿ ತುರುಕಲು ಜಾಗ ಇರಲಿಲ್ಲ. ಹೇಗೂ ಹೊಸ ಹಳಿ ಹಾಕಬೇಕು, ಹಾಕುವುದೇ ಆದರೆ ವೇಗದ್ದೇ ಹಾಕೋಣ ಅಂದರು. 1964ರಲ್ಲಿ ಶುರುವಾಯಿತು. ಖರ್ಚು ಮೊದಲಿನ ಅಂದಾಜಿನ ಸುಮಾರು ಎರಡು ಪಟ್ಟಾಗಿ, ರೈಲ್ವೆಯ ಅಧ್ಯಕ್ಷ ಶಿಂಜಿ ಸೋಗೋ ಉದ್ಘಾಟನೆಗೆ ಮುಂಚೆಯೇ ಕುರ್ಚಿ ಬಿಡಬೇಕಾಯಿತು. ಆವಾಗಲೂ ನೀವು ಕೇಳಿದ ಪ್ರಶ್ನೆಯನ್ನೇ ಜನ ಕೇಳಿರಬೇಕು, ಅಲ್ವಾ? ಅದಕ್ಕೆಂದು ವಿಶ್ವಬ್ಯಾಂಕ್ ಕೊಟ್ಟಿದ್ದ ಸಾಲವನ್ನು ಅವರು 1981ರಲ್ಲಿ ತೀರಿಸಿ ಮುಗಿಸಿದರು.

ಮುಂಬೈ–ಅಹಮದಾಬಾದ್ ಕಥೆಯೂ ಅದೇ ಜಾತಿಯದು. 508 ಕಿ.ಮೀ., 12 ಸ್ಟೇಷನ್, ನಡುವೆ ಠಾಣೆ, ವಾಪಿ, ಸೂರತ್, ಭರೂಚ್, ವಡೋದರಾ. ಅಲ್ಲಿ ಈಗಿರುವ ಹಳೇ ಮಾರ್ಗದಲ್ಲಿ ಮುಂಬೈ ಲೋಕಲ್ಲು, ದಿಲ್ಲಿ ಕಡೆಯ ಗಾಡಿ, ಗೂಡ್ಸು ಎಲ್ಲವೂ ಒಂದರ ಹಿಂದೆ ಒಂದು. ವಂದೇ ಭಾರತ್ ಕೂಡ ಐದೂವರೆ ಗಂಟೆ ಹತ್ತಿರ ತೆಗೆದುಕೊಳ್ಳುತ್ತದೆ. ಬುಲೆಟ್ ಟ್ರೇನ್ ಕಡಿಮೆ ಸ್ಟಾಪ್ ಇಟ್ಟರೆ ಎರಡು ಗಂಟೆ ಚಿಲ್ಲರೆ ಅಂತ ಲೆಕ್ಕ. ಈ ದೂರಕ್ಕೆ ಇದು ಸರಿಯಾದ ಗಾಡಿ. ಇನ್ನೂರು ಕಿ.ಮೀ.ಗಿಂತ ಹತ್ತಿರ ಇದ್ದರೆ ಜನ ಕಾರು ತೆಗೆಯುತ್ತಾರೆ, ಸಾವಿರ ದಾಟಿದರೆ ವಿಮಾನ. ನಡುವಿನದು ರೈಲಿಗೆ.

ಆದರೆ ಅಲ್ಲೂ ದುಡ್ಡಿನ ಲೆಕ್ಕ ಹೇಳಿದ ಹಾಗೆ ನಡೆದಿಲ್ಲ. 2017ರಲ್ಲಿ ಅಡಿಗಲ್ಲು ಹಾಕಿದಾಗ ಅಂದಾಜು 1.08 ಲಕ್ಷ ಕೋಟಿ ರೂಪಾಯಿ, 2022-23ರ ಹೊತ್ತಿಗೆ ಓಡುತ್ತದೆ ಅಂದಿದ್ದರು. ಮಹಾರಾಷ್ಟ್ರದ ಕಡೆ ಜಮೀನು ಸಿಗುವುದೇ ವರ್ಷಗಟ್ಟಲೆ ತಡವಾಯಿತು. ದುಡ್ಡಿನ ನೂರರಲ್ಲಿ ಸುಮಾರು 80 ಪಾಲು ಜಪಾನಿನ ಸಾಲ, 0.1 ಶೇಕಡಾ ಬಡ್ಡಿ, 50 ವರ್ಷಕ್ಕೆ ತೀರಿಸುವುದು. ಪುಕ್ಕಟೆ ಸಿಕ್ಕಿದ ಹಾಗೆ ಅಂತ ಕೆಲವರು ಬರೆಯುತ್ತಾರೆ, ಅದು ಸುಳ್ಳು. ಸಾಲ ಯೆನ್ನಿನಲ್ಲಿದೆ. ರೂಪಾಯಿ ಬಿದ್ದರೆ ಬಡ್ಡಿ ಎಷ್ಟೇ ಕಡಿಮೆ ಇದ್ದರೂ ಅಸಲು ಬೆಳೆಯುತ್ತದೆ. ಅಂಗಡಿ ಸಾಲ ಮಾಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಇಷ್ಟು ದುಬಾರಿ ಯಾಕೆ ಅಂತ ಕೇಳಿದ್ದೀರಲ್ಲ. 320ರಲ್ಲಿ ಓಡುವ ಗಾಡಿಗೆ ತಿರುವು ಆಗಿಬರುವುದಿಲ್ಲ. ತಿರುಗಲೇಬೇಕು ಅಂದರೆ ಹಲವು ಕಿಲೋಮೀಟರ್ ಉದ್ದಕ್ಕೆ ನಿಧಾನಕ್ಕೆ ಬಾಗಬೇಕು. ಗುಡ್ಡ ಬಂದರೆ ಬಳಸಿ ಹೋಗುವ ಹಾಗಿಲ್ಲ, ಕೊರೆಯಬೇಕು. ಊರು ಬಂದರೆ ಮೇಲೆ ಹೋಗಬೇಕು. ಗೇಟು, ದನ, ದಾಟುವ ಜನ ಯಾವುದೂ ಹಳಿ ಹತ್ತಿರ ಇರಬಾರದು, ಹಾಗಾಗಿ ಬಹುಪಾಲು ದಾರಿ ಕಂಬದ ಮೇಲೆಯೇ. ಮುಂಬೈ ಹತ್ತಿರ 21 ಕಿ.ಮೀ. ಸುರಂಗ, ಅದರಲ್ಲಿ ಏಳು ಕಿ.ಮೀ. ಠಾಣೆ ಖಾರಿಯ ಅಡಿಯಲ್ಲಿ. ಮೇಲಾಗಿ ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಕರೆಂಟು ಬಿಲ್ಲು ಆಮೇಲೆ ದಿನಾ ಇದ್ದದ್ದೇ.

ಈಗ ಇದನ್ನು ನಮ್ಮ ಕಡೆ ಇಟ್ಟು ನೋಡಿ. ಒಂದು ಕಡೆ ಸಮುದ್ರ, ಒಂದು ಕಡೆ ಘಟ್ಟ, ನಡುವೆ ಐದಾರು ಮೈಲಿಗೊಂದು ಹೊಳೆ. ಈಗಿನ ಸಾದಾ ಹಳಿಗೇ 90ಕ್ಕೂ ಜಾಸ್ತಿ ಸುರಂಗ ಬೇಕಾಯಿತು, ಹೊನ್ನಾವರದ ಶರಾವತಿ ಸೇತುವೆ ಒಂದೇ ಎರಡು ಕಿ.ಮೀ. ದಾಟುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿಯುತ್ತದೆ ಅಂತ ಬೇರೆಯೇ ವೇಳಾಪಟ್ಟಿ, ಜೋರು ಮಳೆಯಲ್ಲಿ 40ಕ್ಕೆ ಇಳಿಸುತ್ತಾರೆ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ಎಲ್ಲರೂ ನೋಡಿದ್ದೇವೆ. ಆ ಮಣ್ಣಿನ ಪಕ್ಕ 320ರ ಗಾಡಿ ಓಡಿಸುವ ಮಾತಾಡಬೇಡಿ. ಜನವೂ ಅಷ್ಟಿಲ್ಲ. ಕಾರವಾರ, ಕುಮಟಾ, ಭಟ್ಕಳ ಎಲ್ಲಾ ಸೇರಿಸಿದರೂ ಸೂರತ್ತಿನ ಒಂದು ಮೂಲೆ ಆಗುವುದಿಲ್ಲ.

ಜಮೀನಿನ ಮಾತು ಬಂದರೆ ನಮ್ಮ ಜಿಲ್ಲೆ ಪಾಠ ಹೇಳಬಹುದು. ಸೀಬರ್ಡ್ ನೌಕಾನೆಲೆ, ಕೈಗಾ ಅಣು ಸ್ಥಾವರ, ಕದ್ರಾ, ಕೊಡಸಳ್ಳಿ ಅಣೆಕಟ್ಟು, ರೈಲು, ಚತುಷ್ಪಥ ರಸ್ತೆ. ಎದ್ದು ಹೋದವರ ಮಕ್ಕಳು ಈಗಲೂ ಫೈಲು ಹಿಡಿದು ನನ್ನ ಅಂಗಡಿಗೆ ಝೆರಾಕ್ಸಿಗೆ ಬರುತ್ತಾರೆ.

ಹಾಗಂತ ದುಬಾರಿ ಅನ್ನುವುದೊಂದೇ ಕಾರಣಕ್ಕೆ ಬೇಡ ಅನ್ನುವವನು ನಾನಲ್ಲ. ಕೊಂಕಣ ರೈಲ್ವೆಯೂ ಆ ಕಾಲಕ್ಕೆ ದುಬಾರಿಯೇ. 1990ರಲ್ಲಿ ಕಂಪನಿ ಮಾಡಿದರು, ಬಾಂಡ್ ಮಾರಿ ಸಾಲ ಎತ್ತಿದರು, ನಾಲ್ಕು ರಾಜ್ಯಗಳೂ ದುಡ್ಡು ಹಾಕಿದವು, ಎಂಜಿನಿಯರ್ ಇ. ಶ್ರೀಧರನ್ ನಿಂತು ಕಟ್ಟಿಸಿದರು, 1998ರ ಜನವರಿಯಲ್ಲಿ ಪೂರ್ತಿ ಓಡಿತು. ಸುಮಾರು 3,500 ಕೋಟಿ. ಕಂಪನಿ ಆ ಸಾಲದ ಕೆಳಗೆ ಎಷ್ಟೋ ವರ್ಷ ಏದುಸಿರು ಬಿಟ್ಟಿತು. ಆದರೆ ಇವತ್ತು ಬೆಳಿಗ್ಗೆ ಕಾರವಾರದಿಂದ ಗೋವಾಕ್ಕೆ ಕೆಲಸಕ್ಕೆ ಹೋಗುವವರನ್ನು ನಿಲ್ಲಿಸಿ, ಈ ರೈಲು ದಂಡ ಆಯಿತಾ ಅಂತ ಕೇಳಿ ನೋಡಿ. ತೈವಾನಿನಲ್ಲೂ ಹಾಗೇ ಆಯಿತು. 2007ರಲ್ಲಿ ಶುರುವಾದ ಅವರ ವೇಗದ ರೈಲಿನ ಕಂಪನಿ ದಿವಾಳಿ ಅಂಚಿಗೆ ಹೋಗಿ ಸರ್ಕಾರ ಎತ್ತಿ ಹಿಡಿಯಬೇಕಾಯಿತು, ಆದರೆ ತೈಪೆ–ಕಾವ್‌ಸಿಯುಂಗ್ ವಿಮಾನಗಳು ಗಿರಾಕಿ ಇಲ್ಲದೆ ನಿಂತವು. ಕಂಪನಿಗೆ ನಷ್ಟ ಆದರೂ ಜನರಿಗೆ ಲಾಭ ಆಗಬಹುದು. ಆದರೆ ಕ್ಯಾಲಿಫೋರ್ನಿಯಾದ ಹಾಗೆ 2008ರಲ್ಲಿ ವೇಗದ ರೈಲಿಗೆ ಜನರಿಂದ ಮತ ಹಾಕಿಸಿ, ಅಂದಾಜು ಮೂರು ಪಟ್ಟಿಗೆ ಏರಿಸಿ, ಇನ್ನೂ ಒಂದು ಗಾಡಿ ಓಡಿಸದೆ ಕೂತರೆ ಅದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ.

ಶಿರಸಿಯ ನನ್ನ ಭಾವನ ಹತ್ತಿರ ಈ ವಿಷಯ ಎತ್ತಿದರೆ, "ಬುಲೆಟ್ ಅಂದರೆ ನಮಗೆ ಎನ್‌ಫೀಲ್ಡ್ ಮಾತ್ರ ಗೊತ್ತು ಮಾರಾಯ, ಮೊದಲು ಸಾದಾ ರೈಲು ತೋರಿಸು" ಅನ್ನುತ್ತಾನೆ. ನಿಜ. ಶಿರಸಿಗೆ ಹಳಿಯೇ ಇಲ್ಲ. ಒಂದೋ ತಾಳಗುಪ್ಪಕ್ಕೆ ಹೋಗಬೇಕು, ಇಲ್ಲಾ ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ. ಹುಬ್ಬಳ್ಳಿ–ಅಂಕೋಲಾ ಮಾರ್ಗ, ಸುಮಾರು 164 ಕಿ.ಮೀ., ಮಂಜೂರಾಗಿ ಕಾಲು ಶತಮಾನ ದಾಟಿತು, ಕಾಡಿನ ವ್ಯಾಜ್ಯ ಇನ್ನೂ ಇತ್ಯರ್ಥ ಆಗಿಲ್ಲ. ಆ ವಿಷಯದಲ್ಲಿ ನನಗೇ ಎರಡು ಮನಸ್ಸು. ಅಂಗಡಿಯಲ್ಲಿ ಕೂತಾಗ ರೈಲು ಬೇಕು ಅನಿಸುತ್ತದೆ, ಯಲ್ಲಾಪುರದ ಕಡೆ ಕಾಡಲ್ಲಿ ಬೈಕ್ ನಿಲ್ಲಿಸಿದಾಗ ಬೇಡ ಅನಿಸುತ್ತದೆ.

ಕೊನೆಗೆ, ಬಡವರು ಆ ಟ್ರೇನು ಹತ್ತೋದಿಲ್ಲ, ಅವರಿಗೇನು ಪ್ರಯೋಜನ ಅಂತಲೂ ಕೇಳಿದ್ದೀರಿ. ಹತ್ತದಿದ್ದರೂ ಇದೆ, ಒಂದು ಷರತ್ತಿನ ಮೇಲೆ. ಅವಸರದವರೆಲ್ಲ ಹೊಸ ಹಳಿಗೆ ಹೋದರೆ ಹಳೇ ಹಳಿಯಲ್ಲಿ ಜಾಗ ಖಾಲಿ ಆಗುತ್ತದೆ. ಆ ಜಾಗಕ್ಕೆ ಪ್ಯಾಸೆಂಜರ್ ಗಾಡಿ, ಜನರಲ್ ಬೋಗಿ ಹಾಕಿದರೆ ಬಡವರಿಗೆ ಲಾಭ, ಹಾಕದಿದ್ದರೆ ನೀವು ಹೇಳಿದ್ದೇ ಸರಿ. ನಮ್ಮ ಕಡೆಗೆ ನನಗೆ ಬೇಕಾಗಿದ್ದು ಆಯಿ ಕೂತಿದ್ದ ಆ ಸ್ಟೇಷನ್ನಿನ ಪಕ್ಕ ಇನ್ನೊಂದು ಸಾದಾ ಹಳಿ, ಮತ್ತೆ ಶಿರವಾಡದ ಕಾರವಾರ ಸ್ಟೇಷನ್ನಿನಿಂದ ಪೇಟೆಗೆ ಗಾಡಿ ಬರುವ ಹೊತ್ತಿಗೆ ಸರಿಯಾಗಿ ಒಂದು ಬಸ್ಸು. ಅಂದಹಾಗೆ ಅವತ್ತು ನಾವು ಡಾಕ್ಟರ ಹತ್ತಿರ ತಲುಪುವಾಗ ಒಪಿಡಿ ಮುಚ್ಚಿತ್ತು, ರಾತ್ರಿ ಲಾಡ್ಜಿನಲ್ಲಿ ಉಳಿದು ಮಾರನೇ ದಿನ ತೋರಿಸಿದೆವು.