ಆಷಾಢದ ಆಲೆಮನೆ

ಪ್ರಿಯರೇ,

ನಿಮ್ಮ ಚೆಸ್ ಟೂರ್ನಿಯ ಕಥೆ ತಲುಪಿತು. ಭಾಷೆ ಸಲೀಸಾಗಿದೆ. ಕೈ ನಡುಗಿ, ತನ್ನ ನಡೆಯನ್ನು ಸ್ಕೋರ್‌ಶೀಟಿನಲ್ಲಿ ಎದುರಾಳಿಯ ಕಾಲಂನಲ್ಲಿ ಬರೆದುಬಿಡುವ ಸಾಲು ಇಷ್ಟವಾಯಿತು. ಹೊಗಳಿಕೆ ಇಷ್ಟೇ. ಚಹಾ ಆರಲು ಬಿಟ್ಟು ನಾನು ಅಟ್ಟದಿಂದ ಚೆಸ್ ಬೋರ್ಡ್ ಇಳಿಸಿದ್ದು ಕೊನೆಯ ಪುಟಕ್ಕಾಗಿ.

ಮೊದಲು ಸಣ್ಣದು. ತಲಾ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಸೇರ್ಪಡೆ ಎಂದು ನೀವೇ ಬರೆದಿದ್ದೀರಿ. ಆಮೇಲೆ ‘ಗಡಿಯಾರದ ಮುಳ್ಳು ಎದೆಗೆ ಚುಚ್ಚುತ್ತಿತ್ತು’. ಆ 30 ಸೆಕೆಂಡ್ ಕೂಡಿಸುವುದು ಡಿಜಿಟಲ್ ಗಡಿಯಾರ, ಅದಕ್ಕೆ ಮುಳ್ಳೆಲ್ಲಿ? ‘ಚೆಕ್ ಎಂದು ಗುಡುಗಿದ.’ ಹಾಗೆ ಗುಡುಗಿದರೆ ಪಕ್ಕದ ಬೋರ್ಡಿನವರು ತೀರ್ಪುಗಾರನನ್ನು (ಆರ್ಬಿಟರ್) ಕರೆದಾರು. ಚೆಕ್ ಎಂದು ಹೇಳಲೇಬೇಕೆಂಬ ನಿಯಮವೂ ಇಲ್ಲ.

ಈಗ ದೊಡ್ಡದು. ‘ಎಚ್ ಸಾಲಿನ ಪಾನ್, ಬಿಳಿ ಮನೆಗಳ ಬಿಷಪ್, ಇಷ್ಟು ಸಾಕಿತ್ತು. ಎಚ್8ರ ಮೂಲೆ ಸೇರಿದ್ದ ಎದುರಾಳಿ ಸೋಲೊಪ್ಪಿ ಕೈ ಚಾಚಿದ.’ ಯಾಕೆ ಚಾಚಿದ ಸ್ವಾಮಿ? ಪಾನ್ ರಾಣಿಯಾಗಬೇಕಾದ ಎಚ್8 ಕಪ್ಪು ಮನೆ. ಬಿಳಿ ಮನೆಗಳಲ್ಲೇ ಓಡುವ ನಿಮ್ಮ ಬಿಷಪ್ ಏಳು ಜನ್ಮ ಎತ್ತಿದರೂ ಅದನ್ನು ಮುಟ್ಟಲಾರದು. ಕಪ್ಪು ರಾಜ ಜಿ8ಕ್ಕೆ ಹೋಗಿ ಮತ್ತೆ ಎಚ್8ಕ್ಕೆ ಬಂದು ಕೂತರಾಯಿತು. ಜಿ8ನ್ನೂ ಮುಚ್ಚಿ ಬಿಗಿದಿರೋ, ಸ್ಟೇಲ್‌ಮೇಟ್: ಚೆಕ್ ಇಲ್ಲ, ನಡೆಯಲು ದಾರಿಯೂ ಇಲ್ಲ. ಹೇಗೆ ನೋಡಿದರೂ ಡ್ರಾ, ಅರ್ಧ ಅಂಕ. 1600 ರೇಟಿಂಗಿನ ಆಟಗಾರನಿಗೆ ಇದು ಗೊತ್ತಿರುತ್ತದೆ. ಆರು ವರ್ಷ ಟೂರ್ನಿ ಆಡಿದ್ದೇನೆಂದು ಪತ್ರದಲ್ಲಿ ಬರೆದಿರುವ ನಿಮಗಂತೂ ಗೊತ್ತೇ ಇದೆ. ನಾಯಕ ಗೆಲ್ಲಲಿ ಎಂದು ಎದುರಾಳಿಯನ್ನು ದಡ್ಡನನ್ನಾಗಿ ಮಾಡಿದಿರಿ. ಸಿಟ್ಟು ಬಂದದ್ದು ಅಲ್ಲಿ.

ಆ ಸಿಟ್ಟು ಅರ್ಧ ನನ್ನ ಮೇಲೆಯೇ. ವಾರಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದುತ್ತಿದ್ದಾಗ ನಾನೂ ಒಂದು ಕಥೆ ಬರೆದೆ. ನಾಯಕಿಯ ದುಃಖಕ್ಕೆ ಮಳೆ ಬೇಕಿತ್ತು. ಹಾಗಾಗಿ ಆಷಾಢದಲ್ಲಿ ಆಲೆಮನೆ ಹೂಡಿ, ಬೆಲ್ಲದ ಕೊಪ್ಪರಿಗೆಯ ಮುಂದೆ ಅವಳು ಅಳುವಂತೆ ಮಾಡಿದೆ. ನಾನು ಶಿರಸಿ ಕಡೆಯವನು. ಬೇಸಿಗೆ ಕಾಲಿಡುವ ಹೊತ್ತಿಗೆ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕುಡಿದೇ ಬೆಳೆದವನು. ಸಂಪಾದಕರು ಹಾಳೆಗಳನ್ನು ವಾಪಸು ಕೊಡುತ್ತಾ ಕೇಳಿದ್ದು ಒಂದೇ ಮಾತು: “ತಮ್ಮಾ, ಅವಳು ಅತ್ತದ್ದು ದುಃಖಕ್ಕೋ, ಒಲೆಗೆ ಹಾಕಿದ ಒದ್ದೆ ಕಬ್ಬಿನ ಸಿಪ್ಪೆಯ ಹೊಗೆಗೋ?”

ಮಿಕ್ಕ ಪುಟಗಳ ಸುದ್ದಿಗೆ ನಾನು ಹೋಗುವುದಿಲ್ಲ. ಕೊನೆಯ ಎರಡನ್ನು ಮಾತ್ರ ಎಚ್8ರಲ್ಲಿ ಕೂತವನ ಕಡೆಯಿಂದ ಬರೆದು ಕಳಿಸಿ. ಅಕ್ಷರ ಸ್ವಲ್ಪ ದೊಡ್ಡದಿರಲಿ, ನನ್ನ ಕನ್ನಡಕ ಹಳೆಯದು.