ವರ್ಷದ ಚಂದಾ ಬೇಡ, ರಜೆ ಇರುವ ತಿಂಗಳಿಗೆ ಮಾತ್ರ ಸಾಕು

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು: ಧಾರವಾಡದ ಹಾಸ್ಟೆಲ್‌ನಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದೀರಿ, ಹೊಸ ಗೇಮಿಂಗ್ ಲ್ಯಾಪ್‌ಟಾಪ್ ಬಂದಿದೆ, ತಿಂಗಳಿಗೆ ಸುಮಾರು ಸಾವಿರ ರೂಪಾಯಿ ಆಟಕ್ಕೆ ಖರ್ಚು ಮಾಡಬಹುದು. ತಿಂಗಳ ಚಂದಾ ಕಟ್ಟಿ ನೂರಾರು ಆಟ ಆಡಬಹುದಾದ ಮೈಕ್ರೋಸಾಫ್ಟ್‌ನ ಪಿಸಿ ಗೇಮ್ ಪಾಸ್ ತೆಗೆದುಕೊಳ್ಳುವುದು ಒಳ್ಳೆಯದಾ, ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಒಂದೊಂದೇ ಆಟ ಕೊಳ್ಳುವುದು ಒಳ್ಳೆಯದಾ?

ರಜೆ ಇರುವ ತಿಂಗಳು ಗೇಮ್ ಪಾಸ್ ತೆಗೆದುಕೊಳ್ಳಿ. ಕಾಲೇಜು ನಡೆಯುವಾಗ ಬೇಡ.

ಧಾರವಾಡದಲ್ಲಿ ಇದ್ದೀರಿ ಅಂದಮೇಲೆ ಖಾನಾವಳಿ ಲೆಕ್ಕ ನಿಮಗೆ ಗೊತ್ತೇ ಇರುತ್ತದೆ. ತಿಂಗಳ ದುಡ್ಡು ಮೊದಲೇ ಕಟ್ಟಿರುತ್ತೀರಿ. ಎರಡು ಹೊತ್ತೂ ಹೋಗಿ ಉಂಡರೆ ಅಷ್ಟು ಕಡಿಮೆ ದುಡ್ಡಿಗೆ ಬೇರೆಲ್ಲೂ ಊಟ ಸಿಗುವುದಿಲ್ಲ. ನಡುವೆ ಹತ್ತು ದಿನ ಊರಿಗೆ ಹೋದರೆ ಆ ಊಟ ಹೋಯಿತು, ದುಡ್ಡೂ ಹೋಯಿತು. ಗೇಮ್ ಚಂದಾ ಕೂಡ ಹಾಗೆಯೇ. ಒಳಗೆ ಎಷ್ಟು ನೂರು ಆಟಗಳಿವೆ ಅನ್ನುವುದರಿಂದ ನಿಮಗೇನೂ ಆಗಬೇಕಿಲ್ಲ. ಈ ತಿಂಗಳು ನೀವು ಎಷ್ಟು ಗಂಟೆ ಕೂರುತ್ತೀರಿ ಅನ್ನುವುದೇ ಮುಖ್ಯ.

ಇದು ನನಗೆ ಅರ್ಥವಾಗಿದ್ದು ತಡವಾಗಿ. ಹದಿನಾಲ್ಕು ತಿಂಗಳು ಬಿಡದೆ ಚಂದಾ ಕಟ್ಟಿದ್ದೆ. ಒಂದು ಭಾನುವಾರ ಮನೆಖರ್ಚಿನ ಪುಸ್ತಕ ತೆಗೆದು, ಕೊನೆಯ ಹಾಳೆಯಲ್ಲಿ ಆಡಿದ ಆಟಗಳ ಹೆಸರು ಬರೆಯುತ್ತಾ ಹೋದೆ. ಶುರು ಮಾಡಿದ್ದು 31, ಮುಗಿಸಿದ್ದು 5. ಮೂರು ತಿಂಗಳುಗಳ ಎದುರಿಗೆ ಬರೆಯಲು ಒಂದು ಹೆಸರೂ ಇರಲಿಲ್ಲ. ಆಗ ಅಪ್ಪನಿಗೆ ಆಪರೇಷನ್ ಆಗಿತ್ತು, ನಾನು ಕಂಪ್ಯೂಟರ್ ಕಡೆ ತಲೆಯನ್ನೇ ಹಾಕಿರಲಿಲ್ಲ. ದುಡ್ಡು ಮಾತ್ರ ತಿಂಗಳು ತಿಂಗಳು ಹೋಗುತ್ತಿತ್ತು. ಬೇರೆ ಆಟಗಳನ್ನು ಯಾಕೆ ಬಿಟ್ಟೆ ಎಂದು ಯೋಚಿಸಿದರೆ, ಹೆಚ್ಚಿನವು ಕೆಟ್ಟ ಆಟಗಳೇನಲ್ಲ. ಒಂದು ಸ್ವಲ್ಪ ಕಷ್ಟ ಅನ್ನಿಸಿದ ಕೂಡಲೇ ಪಕ್ಕದಲ್ಲೇ ಇನ್ನೊಂದು ಇತ್ತು, ಅದಕ್ಕೆ ಹಾರಿದ್ದೆ. ಕೈಯಿಂದ ದುಡ್ಡು ಕೊಟ್ಟು ಕೊಂಡ ಆಟವನ್ನು ಅಷ್ಟು ಬೇಗ ಬಿಡುವುದಿಲ್ಲ, ಅಲ್ವಾ?

ಈಗ ಬೆಲೆಯ ವಿಷಯ. 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ದರ ಏರಿಸಿದಾಗ ನಮ್ಮ ದೇಶದಲ್ಲಿ ಪಿಸಿ ಗೇಮ್ ಪಾಸ್ ತಿಂಗಳಿಗೆ ₹449 ಇದ್ದದ್ದು ₹939 ಆಯಿತು, ಅದರ ದುಬಾರಿ ರೂಪವಾದ ಅಲ್ಟಿಮೇಟ್ ₹829 ಇದ್ದದ್ದು ₹1,389 ಆಯಿತು. ಕಟ್ಟುವ ಮುಂಚೆ ಆ ದಿನದ ದರ ಒಮ್ಮೆ ನೋಡಿಕೊಳ್ಳಿ. ₹449ರ ಲೆಕ್ಕದಲ್ಲಿ ವರ್ಷಕ್ಕೆ ₹5,388. ₹939ರ ಲೆಕ್ಕದಲ್ಲಿ ₹11,268. ಹಳೆಯ ದರಕ್ಕೆ ನಾನೇ ಎಷ್ಟೋ ಜನರಿಗೆ "ಕಣ್ಣು ಮುಚ್ಚಿ ತಗೊಳ್ಳಿ" ಅಂದಿದ್ದೆ. ಈಗ ಆ ಮಾತು ಹೇಳಲಾರೆ. ಹನ್ನೊಂದು ಸಾವಿರ ಇದ್ದರೆ ಸ್ಟೀಮ್‌ನ ಬೇಸಿಗೆ ಸೇಲ್ ಮತ್ತು ಡಿಸೆಂಬರ್ ಸೇಲ್ ಎರಡರಲ್ಲೂ ಆರಿಸಿ ಆರಿಸಿ ಕೊಳ್ಳಬಹುದು. ವಿದ್ಯಾರ್ಥಿಯೊಬ್ಬ ವರ್ಷಪೂರ್ತಿ ಆಡಿದರೂ ಮುಗಿಯದಷ್ಟು ಆಟ ಬರುತ್ತವೆ. ಅವು ಪರೀಕ್ಷೆ ಮುಗಿಯುವ ತನಕ ಸುಮ್ನೆ ಕಾಯುತ್ತವೆ, ಬಾಡಿಗೆ ಕೇಳುವುದಿಲ್ಲ.

ಹಾಗಂತ ಚಂದಾ ಪೂರ್ತಿ ದಂಡ ಅಂತ ನಾನು ಹೇಳುತ್ತಿಲ್ಲ. ಒಂದು ತಿಂಗಳಿಗೆ ಅಂತ ನೋಡಿದರೆ ಈಗಲೂ ಬಹಳ ಲಾಭ. 2025ರ ಏಪ್ರಿಲ್‌ನಲ್ಲಿ ಬಂದ ಕ್ಲೇರ್ ಅಬ್ಸ್ಕರ್: ಎಕ್ಸ್‌ಪೆಡಿಷನ್ 33 ಬಿಡುಗಡೆಯ ದಿನವೇ ಗೇಮ್ ಪಾಸ್‌ನಲ್ಲಿತ್ತು. ಮುಖ್ಯ ಕಥೆ ಸುಮಾರು 30 ಗಂಟೆ. ರಜೆಯಲ್ಲಿ ದಿನಕ್ಕೆ ಎರಡು ಗಂಟೆ ಕೂತರೂ ಹದಿನೈದು ದಿನದ ಕೆಲಸ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹಾಲೋ ನೈಟ್: ಸಿಲ್ಕ್‌ಸಾಂಗ್ ಕೂಡ ಮೊದಲ ದಿನವೇ ಸಿಕ್ಕಿತು. ನಿಮಗೆ ಬೇಕಾದ ಇಂಥ ಎರಡು ಆಟ ಒಂದೇ ತಿಂಗಳು ಕೈಗೆ ಸಿಕ್ಕರೆ ಆ ತಿಂಗಳ ಚಂದಾ ವಸೂಲಾದ ಹಾಗೆ.

ಇನ್ನೊಂದು ಲಾಭ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅನ್‌ಪ್ಯಾಕಿಂಗ್ ಅನ್ನುವ ಪುಟ್ಟ ಆಟ 2021ರಲ್ಲಿ ಬಂತು. ಅದರಲ್ಲಿ ಮನೆ ಬದಲಿಸಿದ ಹುಡುಗಿಯೊಬ್ಬಳ ಸಾಮಾನನ್ನು ಡಬ್ಬದಿಂದ ತೆಗೆದು ಜೋಡಿಸಬೇಕು, ಅಷ್ಟೇ. ದುಡ್ಡು ಕೊಟ್ಟು ನಾನು ಯಾವತ್ತೂ ಕೊಳ್ಳುತ್ತಿರಲಿಲ್ಲ. ಚಂದಾದಲ್ಲಿ ಇದೆಯಲ್ಲ ಎಂದು ಹಾಕಿದೆ. ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಒಂದು ಹಂತದಲ್ಲಿ ಆ ಹುಡುಗಿ ತನ್ನ ಗೆಳೆಯನ ಮನೆಗೆ ಬರುತ್ತಾಳೆ. ಅವಳ ಡಿಗ್ರಿ ಸರ್ಟಿಫಿಕೇಟಿನ ಫ್ರೇಮ್ ಕೈಯಲ್ಲಿದೆ, ಗೋಡೆಯಲ್ಲಿ ಎಲ್ಲೂ ಜಾಗವಿಲ್ಲ. ಎಲ್ಲಾ ಕಡೆ ಇಟ್ಟು ನೋಡಿದೆವು. ಕೊನೆಗೆ ಮಂಚದ ಕೆಳಗೆ ತಳ್ಳಬೇಕಾಯಿತು. ಹೆಂಡತಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ, ನಮ್ಮ ಅಟ್ಟದ ಮೇಲಿದ್ದ ಅವಳ ಬಿ.ಎಡ್. ಸರ್ಟಿಫಿಕೇಟ್ ಕೆಳಗಿಳಿಸಿ ಧೂಳು ಒರೆಸಿದಳು. ಅದು ಈಗ ಹಾಲ್‌ನಲ್ಲಿದೆ. ಹೊಸ ರುಚಿ ನೋಡುವುದಕ್ಕೆ ಚಂದಾ ನಿಜವಾಗಿಯೂ ಒಳ್ಳೆಯದು.

ಆದರೆ ಬಾಡಿಗೆ ಮನೆ ಬಾಡಿಗೆ ಮನೆಯೇ. ನನ್ನ ಮಗಳು ಇಂಥದೊಂದು ಚಂದಾ ಸೇವೆಯಲ್ಲಿ ಆಟವೊಂದನ್ನು ದಿನಾ ಅರ್ಧ ಗಂಟೆಯಂತೆ ಆಡುತ್ತಿದ್ದಳು, ಹೋಂವರ್ಕ್ ಮುಗಿದ ಮೇಲೆ. ಒಂದು ದಿನ ಆ ಆಟದ ಚಿತ್ರದ ಮೇಲೆ ಸದ್ಯದಲ್ಲೇ ಹೊರಡುತ್ತದೆ ಎಂಬ ಚೀಟಿ ಬಂತು. ಇದ್ದದ್ದು ಎರಡೇ ವಾರ. ಅರ್ಧ ಗಂಟೆಯ ಲೆಕ್ಕದಲ್ಲಿ ಅದು ಮುಗಿಯುವಂತಿರಲಿಲ್ಲ, ಮುಗಿಯಲೂ ಇಲ್ಲ. ದಿನಾ ಸ್ವಲ್ಪ ಸ್ವಲ್ಪವೇ ಆಡುವವರಿಗೆ ಚಂದಾ ಹೊಂದುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಸ್ಟೀಮ್‌ನಲ್ಲೂ ನಿಮಗೆ ಸಿಗುವುದು ಪರವಾನಗಿ ಮಾತ್ರ, ಅದೂ ನಿಜ. ಆದರೂ ಅಲ್ಲಿ ಕೊಂಡ ಆಟ ತಿಂಗಳ ಕೊನೆಗೆ ಮಾಯವಾಗುವುದಿಲ್ಲ.

ಪ್ಲೇಸ್ಟೇಷನ್ ಬಗ್ಗೆ ನೀವು ಕೇಳಿಲ್ಲ, ಆದರೂ ಮುಂದೆ ಕೊಳ್ಳುವ ಯೋಚನೆ ಇದ್ದರೆ ಒಂದು ಮಾತು. ಸೋನಿ ತನ್ನ ದೊಡ್ಡ ಆಟಗಳನ್ನು ಸಾಮಾನ್ಯವಾಗಿ ಮೊದಲ ದಿನ ಚಂದಾಕ್ಕೆ ಹಾಕುವುದಿಲ್ಲ. 2022ರ ನವೆಂಬರ್‌ನಲ್ಲಿ ₹4,999ಕ್ಕೆ ಬಂದ ಗಾಡ್ ಆಫ್ ವಾರ್ ರಾಗ್ನರೋಕ್ ಸೋನಿಯ ಚಂದಾ ಸೇವೆಯಾದ ಪಿಎಸ್ ಪ್ಲಸ್ ಎಕ್ಸ್‌ಟ್ರಾಕ್ಕೆ ಬಂದದ್ದು 2025ರ ಜನವರಿಯಲ್ಲಿ. ಕಾಯುವ ತಾಳ್ಮೆ ಇದ್ದವರಿಗೆ ಅದು ಒಳ್ಳೆಯದೇ. ಪ್ಲೇಸ್ಟೇಷನ್‌ನಂಥ ಕನ್ಸೋಲ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಆಟವನ್ನು ಆನ್‌ಲೈನ್ ಆಡಲು ಕೂಡ ಚಂದಾ ಬೇಕು. ನಿಮ್ಮ ಲ್ಯಾಪ್‌ಟಾಪ್‌ಗೆ ಆ ತಲೆನೋವಿಲ್ಲ.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ನೆಟ್ ಬಗ್ಗೆ. ದೊಡ್ಡ ಆಟಗಳು 100 ಜಿಬಿ ದಾಟುವುದು ಈಗ ಮಾಮೂಲು. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕ್‌ನಲ್ಲಿ ಅದು ಇಳಿಯುವಷ್ಟರಲ್ಲಿ ಚಂದಾದ ತಿಂಗಳೇ ಮುಗಿದಿರುತ್ತದೆ. ಊರಿನ ಮನೆಯಲ್ಲಿ ಫೈಬರ್ ಇದ್ದರೆ ರಜೆಗೆ ಹೋದ ಮೇಲೆ ಚಂದಾ ಶುರು ಮಾಡಿ, ಹೊರಡುವ ಹಿಂದಿನ ದಿನ ಅಲ್ಲ. ಬೇಕಾದ ಎರಡು-ಮೂರು ಆಟದ ಹೆಸರು ಮೊದಲೇ ಬರೆದಿಟ್ಟುಕೊಳ್ಳಿ. ಅವು ಚಂದಾದಲ್ಲಿ ಇಲ್ಲವಾದರೆ ಆ ತಿಂಗಳು ಕಟ್ಟಲೇಬೇಡಿ.

ದುಡ್ಡು ಕಟ್ಟಿದ ದಿನವೇ ಆಟೋ ರಿನ್ಯೂಯಲ್ ಆಫ್ ಮಾಡಿ. ಗೇಮ್ ಪಾಸ್‌ನಲ್ಲಿ ಆಫ್ ಮಾಡಿದರೂ ಕಟ್ಟಿದ ತಿಂಗಳು ಮುಗಿಯುವವರೆಗೆ ಆಡಬಹುದು. ರಿಸರ್ವ್ ಬ್ಯಾಂಕ್ ನಿಯಮದಂತೆ ಕಾರ್ಡ್‌ನಿಂದ ತಾನಾಗಿ ದುಡ್ಡು ಹೋಗುವ 24 ಗಂಟೆ ಮುಂಚೆ ನಿಮಗೆ ಮೆಸೇಜ್ ಬರಬೇಕು. ನನಗೂ ಬರುತ್ತಿತ್ತು, ಆಸ್ಪತ್ರೆ ಓಡಾಟದಲ್ಲಿ ಓದಿರಲಿಲ್ಲ.

ಕಾಲೇಜು ದಿನಗಳಿಗೆ ಎಪಿಕ್ ಸ್ಟೋರ್ ಅನ್ನುವ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಖಾತೆ ತೆರೆದಿಡಿ. 2018ರ ಡಿಸೆಂಬರ್‌ನಿಂದ ಅವರು ಉಚಿತವಾಗಿ ಆಟ ಕೊಡುತ್ತಾ ಬಂದಿದ್ದಾರೆ, 2020ರ ಮೇ ತಿಂಗಳಲ್ಲಿ ಜಿಟಿಎ 5 ಕೂಡ ಕೊಟ್ಟಿದ್ದರು. ಒಮ್ಮೆ ಪಡೆದರೆ ಅದು ನಿಮ್ಮ ಖಾತೆಯಲ್ಲೇ ಉಳಿಯುತ್ತದೆ. ಸ್ಟೀಮ್‌ನಲ್ಲಿ ಕೊಂಡಿದ್ದು ಹಿಡಿಸದಿದ್ದರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು.

ಎಂಥ ಆಟ ಇಷ್ಟ, ಲ್ಯಾಪ್‌ಟಾಪ್‌ನಲ್ಲಿ ಯಾವ ಗ್ರಾಫಿಕ್ಸ್ ಕಾರ್ಡ್ ಇದೆ ಎಂದು ತಿಳಿಸಿದರೆ, ಮುಂದಿನ ರಜೆಗೆ ಮೂರು ಆಟದ ಹೆಸರು ನಾನೇ ಹೇಳುತ್ತೇನೆ.